ತೆರೆಯ ಮೇಲಿನ ಕವಚ, ಕೈಗೆಟುಕುವ ಖರ್ಚಿನಲ್ಲಿ

ಪ್ರಶ್ನೆ: ವೈಜ್ಞಾನಿಕ ಚಲನಚಿತ್ರವೊಂದರ ಯೋಧನ ಕವಚವನ್ನು ತೆರೆಯ ಮೇಲೆ ಕಂಡಂತೆಯೇ ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಸಿದ್ಧ ಉಡುಪನ್ನು ಕೊಳ್ಳುವಷ್ಟು ಹಣವಿಲ್ಲ. ಯಾವ ಸಾಮಗ್ರಿ ಅಗ್ಗ? ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಸಾಮಗ್ರಿಯ ಮಾತಿಗೆ ಮೊದಲು, ಯಾವ ಚಿತ್ರದ ಯಾವ ದೃಶ್ಯದ ಕವಚವನ್ನು ಮಾಡುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಒಂದೇ ಪಾತ್ರಕ್ಕೆ ಚಿತ್ರತಂಡದವರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕವಚಗಳನ್ನು ಮಾಡಿಸಿರುತ್ತಾರೆ. ಸಮೀಪದ ದೃಶ್ಯಗಳಿಗೆ ನಯಗೆಲಸದ್ದು ಬೇಕು, ಬಿದ್ದು ಏಳುವ ಸಾಹಸ ದೃಶ್ಯಗಳಿಗೆ ಹಗುರವಾದದ್ದು ಸಾಕು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರ ಹೆಲ್ಮೆಟ್‌ಗಳಲ್ಲೇ ಕೆಲವಕ್ಕೆ ಉಬ್ಬಿದ ಕಣ್ಣಿನ ಗಾಜುಗಳಿದ್ದವು, ಉಳಿದವಕ್ಕೆ ಚಪ್ಪಟೆ ಗಾಜುಗಳಿದ್ದವು. ಅದೇ ಚಿತ್ರದ ಖಳನಾಯಕ ಡಾರ್ತ್ ವೇಡರನ ಮುಖವಾಡ ಎಲ್ಲರ ನೆನಪಿನಲ್ಲಿ ಅಚ್ಚ ಕಪ್ಪು. ವಾಸ್ತವದಲ್ಲಿ ಅದಕ್ಕೆ ಬಳಿದದ್ದು ಹೊಳಪು ಕಪ್ಪು ಮತ್ತು ಉಕ್ಕಿನ ಛಾಯೆಯ ಗಾಢ ಬೂದು ಎಂಬ ಎರಡು ಬಣ್ಣಗಳು. ಶಿಲ್ಪಿ ಬ್ರಯಾನ್ ಮ್ಯೂರ್ ಕೈಯಾರೆ ರೂಪಿಸಿದ ಆ ಮುಖದ ಎಡಬಲಗಳು ಸರಿಸಮವಾಗಿಯೂ ಇಲ್ಲ. ಅರ್ಧ ಮುಖವನ್ನು ಬಿಡಿಸಿ, ಇನ್ನರ್ಧವನ್ನು ಕಂಪ್ಯೂಟರಿನಲ್ಲಿ ಅದರ ಪ್ರತಿಬಿಂಬವಾಗಿ ಮಾಡಿಕೊಂಡವರ ಮುಖವಾಡ ಎಷ್ಟೇ ಚೊಕ್ಕಟವಾಗಿದ್ದರೂ ಏನೋ ತಪ್ಪಿದಂತೆ ಕಾಣುವುದು ಇದರಿಂದಲೇ.

ಆದ್ದರಿಂದ ಮೊದಲ ಕೆಲಸ ಚಿತ್ರಗಳ ಸಂಗ್ರಹ, ಅದಕ್ಕೆ ಖರ್ಚೇನೂ ಇಲ್ಲ. ಚಲನಚಿತ್ರದ ದೃಶ್ಯಗಳಿಂದ ಆಕಾರವನ್ನು ತಿಳಿದುಕೊಳ್ಳಿ, ಆದರೆ ಬಣ್ಣದ ವಿಷಯದಲ್ಲಿ ಅವನ್ನು ನಂಬಬೇಡಿ. ಸಂಕಲನದ ನಂತರ ಇಡೀ ದೃಶ್ಯಕ್ಕೆ ನೀಲಿಯ ಅಥವಾ ಕಿತ್ತಳೆಯ ಛಾಯೆ ಕೊಟ್ಟಿರುತ್ತಾರೆ. ವಸ್ತುಪ್ರದರ್ಶನಗಳಲ್ಲಿ ಮೂಲ ಉಡುಪನ್ನಿಟ್ಟಾಗ ತೆಗೆದ ಛಾಯಾಚಿತ್ರಗಳು ಬಣ್ಣಕ್ಕೆ ಹೆಚ್ಚು ವಿಶ್ವಾಸಾರ್ಹ. ನೀವು ಆರಿಸಿದ ಪಾತ್ರ ‘ಸ್ಟಾರ್ ವಾರ್ಸ್’ನದಾದರೆ, 1997ರಲ್ಲಿ ಹುಟ್ಟಿದ 501ನೇ ಲೀಜನ್ ಎಂಬ ಅಭಿಮಾನಿಗಳ ಸಂಘವು ಪ್ರತಿ ಉಡುಪಿನ ಅಂಗಾಂಗಗಳನ್ನೂ ವಿವರಿಸುವ ಪಟ್ಟಿಗಳನ್ನು ಪ್ರಕಟಿಸಿದೆ. ಸಂಘಕ್ಕೆ ಸೇರುವ ಇಚ್ಛೆ ಇಲ್ಲದಿದ್ದರೂ ಅವನ್ನು ಓದಿಕೊಳ್ಳುವುದು ಲಾಭದಾಯಕ.

ಎರಡನೆಯದು ಅಳತೆ. ನನ್ನ ಅಭಿಪ್ರಾಯದಲ್ಲಿ ಕವಚದ ನಿಜವಾದ ಹೋಲಿಕೆ ಇರುವುದು ಸಾಮಗ್ರಿಯಲ್ಲಲ್ಲ, ಪ್ರಮಾಣದಲ್ಲಿ. ಭುಜದ ತುಂಡು ಎರಡು ಬೆರಳಷ್ಟು ಅಗಲವಾದರೆ ತಲೆ ಚಿಕ್ಕದಾಗಿ ಕಾಣುತ್ತದೆ, ಆಮೇಲೆ ಎಂಥ ಬಣ್ಣ ಬಳಿದರೂ ಆ ದೋಷ ಮುಚ್ಚುವುದಿಲ್ಲ. ಸಾಕಷ್ಟು ದೂರದಿಂದ, ಸೊಂಟದ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಪಾತ್ರ ನಿಂತ ಭಂಗಿಯಲ್ಲೇ ನಿಮ್ಮ ಪೂರ್ಣ ಚಿತ್ರವನ್ನು ತೆಗೆಸಿಕೊಂಡು, ಅದರ ಮೇಲೆ ಕವಚದ ರೇಖೆಗಳನ್ನು ಎಳೆದು ನೋಡಿ. ನಟನ ಮೈಕಟ್ಟು ಬೇರೆ, ನಿಮ್ಮದು ಬೇರೆ. ಮೂಲದ ಸೆಂಟಿಮೀಟರುಗಳನ್ನು ನಕಲು ಮಾಡುವುದಕ್ಕಿಂತ ಎದೆಗೂ ಸೊಂಟಕ್ಕೂ, ಭುಜಕ್ಕೂ ತಲೆಗೂ ಇರುವ ಅನುಪಾತವನ್ನು ಉಳಿಸಿಕೊಳ್ಳುವುದು ಮುಖ್ಯ. ಒಳಗೆ ತೊಡುವ ಕಪ್ಪು ಬಟ್ಟೆಯನ್ನೂ ಬೂಟನ್ನೂ ಮೊದಲೇ ಹೊಂದಿಸಿಕೊಂಡು, ಅವನ್ನು ತೊಟ್ಟುಕೊಂಡೇ ಅಳತೆ ಕೊಡಿ. ಪ್ರತಿ ತುಂಡನ್ನೂ ಮೊದಲು ಹಳೆಯ ರಟ್ಟಿನಲ್ಲಿ ಕತ್ತರಿಸಿ, ಟೇಪು ಅಂಟಿಸಿ ತೊಟ್ಟು, ಕೈ ಎತ್ತಿ, ಮೆಟ್ಟಿಲು ಹತ್ತಿ ನೋಡಿದ ಮೇಲಷ್ಟೇ ಹಣ ಕೊಟ್ಟು ತಂದ ಹಾಳೆಗೆ ಕತ್ತರಿ ಹಾಕಿ.

ಇನ್ನು ಸಾಮಗ್ರಿ. ಹೊಸಬರಿಗೆ ಇವಿಎ ಫೋಮ್ ಹಾಳೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ವ್ಯಾಯಾಮದ ಕೋಣೆಯ ನೆಲಕ್ಕೆ ಹಾಸುವ, ಒಂದಕ್ಕೊಂದು ಸೇರುವ ಚೌಕಗಳು ಅದೇ ಜಾತಿಯವು. ಎದೆ ಬೆನ್ನುಗಳಿಗೆ 8ರಿಂದ 10 ಮಿಲಿಮೀಟರ್, ತೋಳು ಕಾಲುಗಳಿಗೆ 5 ಅಥವಾ 6, ಅಂಚಿನ ಪಟ್ಟಿಗಳಿಗೆ 2 ಮಿಲಿಮೀಟರ್ ದಪ್ಪ ಸಾಕಾಗುತ್ತದೆ. ಬ್ಲೇಡು ಹೊಸದಾಗಿರಬೇಕು, ಏಕೆಂದರೆ ಮೊಂಡಾದ ಬ್ಲೇಡು ಫೋಮನ್ನು ಕತ್ತರಿಸದೆ ಹರಿಯುತ್ತದೆ. ಕತ್ತರಿಸಿದ ತುಂಡಿನ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿದ್ದರೆ, ಮಂಕಾಗಿದ್ದ ಮೈ ಇದ್ದಕ್ಕಿದ್ದಂತೆ ತೆಳುವಾಗಿ ಮಿನುಗುತ್ತದೆ. ಆ ಮಿನುಗು ಹೊರಪದರದ ರಂಧ್ರಗಳು ಮುಚ್ಚಿಕೊಂಡವೆಂಬ ಗುರುತು. ಆಗಲೇ ತೊಡೆಗೋ ದುಂಡನೆಯ ಪಾತ್ರೆಗೋ ಒತ್ತಿ ಹಿಡಿದು, ಆರುವವರೆಗೆ ಬಿಡದಿದ್ದರೆ ಬಾಗು ಹಾಗೆಯೇ ಉಳಿಯುತ್ತದೆ. ಜೋಡಿಸಲು ಚಪ್ಪಲಿ ತಯಾರಿಕೆಯಲ್ಲಿ ಬಳಸುವ ರಬ್ಬರ್ ಅಂಟನ್ನು ಎರಡೂ ಅಂಚುಗಳಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು ನಂತರ ಸೇರಿಸಬೇಕು. ಒಮ್ಮೆ ಮುಟ್ಟಿಸಿದರೆ ಮತ್ತೆ ಬಿಡಿಸಲಾಗದು. ಆದ್ದರಿಂದ ಒಂದು ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಹೊಂದಿಸುತ್ತ ಹೋಗಿ. ಅಂಟಿನ ಆವಿ ತಲೆನೋವು ತರುತ್ತದೆ, ಕಿಟಕಿ ತೆರೆದಿರಲಿ.

ಪ್ರಶ್ನೆ: ಪರಿಚಯದವರೊಬ್ಬರಲ್ಲಿ 3ಡಿ ಪ್ರಿಂಟರ್ ಇದೆ. ಇಡೀ ಕವಚವನ್ನು ಅದರಲ್ಲೇ ಮಾಡಿಸಬಹುದೆ?

ಉತ್ತರ: ಮಾಡಿಸಬಹುದು, ಆದರೆ ಬೇಡ. ಹೆಲ್ಮೆಟ್, ಬೆಲ್ಟಿನ ಪೆಟ್ಟಿಗೆಗಳು, ಗುಂಡಿಗಳಂಥ ಚೂಪು ಅಂಚಿನ ಗಟ್ಟಿ ವಸ್ತುಗಳಿಗೆ ಪ್ರಿಂಟರ್ ಬಳಸಿ, ಉಳಿದದ್ದು ಫೋಮಿನಲ್ಲಿರಲಿ. ಪ್ರಿಂಟರ್ ಪದರ ಪದರವಾಗಿ ಕಟ್ಟುವಾಗ ಉಳಿಯುವ ಗೆರೆಗಳನ್ನು ಅಳಿಸಲು ಪುಟ್ಟಿ, ಪ್ರೈಮರ್, ಸ್ಯಾಂಡ್ ಪೇಪರ್ ಎಂದು ಹಿಡಿಯುವ ದುಡಿಮೆ ಇಡೀ ಮೈಗೆ ಎಂದರೆ ಯಾರಿಗಾದರೂ ಬೇಸರ ತರಿಸುತ್ತದೆ. ಪ್ರಿಂಟರಿಗೆ ಹಾಕುವ ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹೆಲ್ಮೆಟ್ ಬಿಟ್ಟು ಹೋಗಬೇಡಿ.

ಪ್ರಶ್ನೆ: ಫೋಮಿನ ಕವಚಕ್ಕೆ ಬೆಳ್ಳಿಯ ಬಣ್ಣ ಬಳಿದೆ. ಬಾಗಿದ ಕಡೆಯೆಲ್ಲ ಬಿರುಕು ಬಿಟ್ಟಿದೆ, ದೂರದಿಂದ ನೋಡಿದರೂ ಲೋಹದಂತೆ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಬಿರುಕಿಗೆ ಕಾರಣ ಬಣ್ಣದ ಕೆಳಗೆ ಬಳುಕುವ ಪದರವಿಲ್ಲದಿರುವುದು. ಫೋಮನ್ನು ಶಾಖದಿಂದ ಮುಚ್ಚಿದ ಬಳಿಕ ರಬ್ಬರಿನಂತೆ ಹಿಗ್ಗುವ ಲೇಪನವನ್ನು ತೆಳುವಾಗಿ ಮೂರು ನಾಲ್ಕು ಬಾರಿ ಕೊಟ್ಟು, ಪ್ರತಿ ಸಲವೂ ಪೂರ್ತಿ ಒಣಗಿಸಿ, ಅನಂತರ ಅಕ್ರಿಲಿಕ್ ಬಣ್ಣಕ್ಕೆ ಹೋಗಿ. ಲೋಹದ ಭ್ರಮೆ ಹುಟ್ಟುವುದು ಬೆಳ್ಳಿಯಿಂದಲ್ಲ, ಅದರ ಕೆಳಗಿನ ಕಪ್ಪಿನಿಂದ. ತಳಕ್ಕೆ ಹೊಳಪು ಕಪ್ಪು ಬಳಿದು, ಮೇಲೆ ಬೆಳ್ಳಿಯನ್ನು ಮಂಜಿನಂತೆ ತೆಳುವಾಗಿ ಹಾಯಿಸಿ, ನೀರಾಗಿಸಿದ ಕಪ್ಪು ಕಂದು ಬಣ್ಣವನ್ನು ಸಂದುಗಳಿಗೆ ಹರಿಸಿ, ಅರೆ ಒಣಗಿದಾಗ ಬಟ್ಟೆಯಿಂದ ಒರೆಸಿ. ಕೊಳೆ ತಗ್ಗಿನಲ್ಲಿ ಉಳಿದು ಉಬ್ಬು ಹೊಳೆಯುತ್ತದೆ. ಸವೆತವನ್ನು ಎಲ್ಲೆಂದರಲ್ಲಿ ತೋರಿಸುವುದು ಸಾಮಾನ್ಯ ತಪ್ಪು. ಆಯುಧ ಉಜ್ಜುವ ಸೊಂಟದ ಪಕ್ಕ, ನೆಲಕ್ಕೂರುವ ಮೊಣಕಾಲು, ಕೈ ತಾಗುವ ಅಂಚು ಇವು ಸವೆಯುವ ಜಾಗಗಳು. ನಿಮ್ಮ ಸಂಗ್ರಹದ ಚಿತ್ರದಲ್ಲಿ ಗೀರು ಎಡಭುಜದ ಮೇಲಿದ್ದರೆ ನಿಮ್ಮದೂ ಎಡಭುಜದ ಮೇಲೆಯೇ ಇರಲಿ.

ಹೊಳೆಯುವ ಬಿಳಿ ಪ್ಲಾಸ್ಟಿಕ್‌ನ ಕವಚ ಬೇಕಾದವರಿಗೆ ಮಾತ್ರ ಫೋಮ್ ತೃಪ್ತಿ ಕೊಡಲಾರದು. ಅದಕ್ಕೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆಯೇ ಸರಿ. ಅದರ ಚೂರುಗಳನ್ನು ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವವಾದ ಅಸಿಟೋನ್‌ನಲ್ಲಿ ಕರಗಿಸಿದ ಗಸಿಯಿಂದ ಸಂದುಗಳನ್ನು ಮುಚ್ಚಬಹುದಾದ್ದರಿಂದ ಚೂರೂ ವ್ಯರ್ಥವಾಗುವುದಿಲ್ಲ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿಯಿಂದ ದೂರವಿಡಿ. ಪಿವಿಸಿ ಹಾಳೆ ಬಳಸುವವರು ಅದನ್ನು ಸುಡುವಷ್ಟು ಕಾಯಿಸಬಾರದು, ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ.

ಪ್ರಶ್ನೆ: ಹೆಲ್ಮೆಟ್ ತೊಟ್ಟ ಸ್ವಲ್ಪ ಹೊತ್ತಿಗೆ ಗಾಜು ಮಸುಕಾಗುತ್ತದೆ. ಪರಿಹಾರವೇನು?

ಉತ್ತರ: ಬಾಯಿಯ ಬಳಿಯ ಜಾಲರಿಯ ಹಿಂದೆ 5 ವೋಲ್ಟಿನ ಪುಟ್ಟ ಫ್ಯಾನನ್ನಿಟ್ಟು, ಫೋನಿನ ಪವರ್ ಬ್ಯಾಂಕಿಗೆ ಜೋಡಿಸಿ, ಒಳಗಿನ ಗಾಳಿ ಹೊರಗೆ ಹೋಗುವಂತೆ ತಿರುಗಿಸಿ. ಗಾಜಿನ ಒಳಮೈಗೆ ಪಾತ್ರೆ ತೊಳೆಯುವ ದ್ರವವನ್ನು ಒಂದು ಹನಿ ಸವರಿ ಒಣಬಟ್ಟೆಯಿಂದ ಒರೆಸಿದರೂ ಮಸುಕು ಕಡಿಮೆಯಾಗುತ್ತದೆ. ಕೆಳಗಿನ ಮೆಟ್ಟಿಲು ಕಾಣುವುದಿಲ್ಲವಾದ್ದರಿಂದ ಜೊತೆಗೊಬ್ಬರು ಇರಲೇಬೇಕು.

ಪ್ರಶ್ನೆ: ಖರ್ಚು ಹಿಂತಿರುಗಲೆಂದು ಇನ್ನೊಂದು ಹೆಲ್ಮೆಟ್ ಮಾಡಿ ಮಾರಬಹುದೆ?

ಉತ್ತರ: ಉತ್ತರ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ‘ಸ್ಟಾರ್ ವಾರ್ಸ್’ನ ಬಿಳಿ ಹೆಲ್ಮೆಟ್ ಶಿಲ್ಪಕೃತಿಯಲ್ಲ, ಆದ್ದರಿಂದ ಆ ಹೆಸರಿನಲ್ಲಿ ಕೃತಿಸ್ವಾಮ್ಯದ ರಕ್ಷಣೆ ಸಿಗದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿತು, ಆದರೆ ಅಮೆರಿಕದ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದ ದೂರನ್ನು ಬ್ರಿಟನ್ನಿನಲ್ಲೇ ವಿಚಾರಿಸಬಹುದೆಂದೂ ಅದೇ ತೀರ್ಪು ಹೇಳಿತು. ಅಲ್ಲದೆ ಪಾತ್ರದ ಹೆಸರು ಟ್ರೇಡ್‌ಮಾರ್ಕ್ ಆಗಿರಬಹುದು. ವಕೀಲರನ್ನು ಕೇಳದೆ ಮಾರಾಟಕ್ಕೆ ಇಳಿಯಬೇಡಿ.