ಊಟಕ್ಕೆ ಕೂತಾಗ ದವಡೆಯಡಿ ಊದಿ, ಆಮೇಲೆ ಇಳಿದುಹೋಗುತ್ತದೆ. ಮಂಗನಬಾವೇ? ಯಾವ ಲೇಪ ಹಚ್ಚಲಿ? ಆಪರೇಷನ್ ಅಂದರೆ ಬಾಯಿ ಒಣಗುತ್ತದಾ?

ಮಂಗನಬಾವು ಬಂದರೆ ಒಂದು ವಾರ ಇಳಿಯುವುದಿಲ್ಲ, ಊಟದ ಹೊತ್ತು ನೋಡಿಕೊಂಡು ಬಂದು ಹೋಗುವುದೂ ಇಲ್ಲ. ನನ್ನದೂ ಇದೇ ಕಥೆ, ಜೊಲ್ಲು ಹರಿಯುವ ನಾಳಕ್ಕೆ ಕಲ್ಲು ಅಡ್ಡ ಕೂತಿತ್ತು. ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ ಸಾಕು, ಬಲಗಡೆ ದವಡೆಯಡಿ ನೆಲ್ಲಿಕಾಯಿ ಗಾತ್ರದ ಗಂಟು. ಕೈ ತೊಳೆದು ಸ್ವಲ್ಪ ಹೊತ್ತಿಗೆ ಮಾಯ.

ನಾನು ಕೆಟ್ಟದ್ದು ಎಲ್ಲಿ ಅಂದರೆ, ಡಾಕ್ಟರ ಹತ್ತಿರ ಯಾವಾಗಲೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಹೋದೆ. ರಕ್ತ ಪರೀಕ್ಷೆ ಬರೆದರೆ ಅದೂ ಒಂದೇ ಸಲಕ್ಕೆ ಮುಗಿಯಲಿ ಅನ್ನುವ ಲೆಕ್ಕ. ತಿನ್ನದಿದ್ದರೆ ಜೊಲ್ಲು ಅಷ್ಟಾಗಿ ಸುರಿಯುವುದಿಲ್ಲ, ಸುರಿಯದಿದ್ದರೆ ಹಿಂದೆ ಕಟ್ಟಿಕೊಳ್ಳುವುದಿಲ್ಲ, ಕಟ್ಟದಿದ್ದರೆ ಊತವೇ ಇಲ್ಲ. ಅವರು ಮುಟ್ಟಿ ನೋಡಿದರೆ ಏನೂ ಸಿಗುತ್ತಿರಲಿಲ್ಲ. ಹಲ್ಲಿನದ್ದಿರಬೇಕು ಎಂದು ಆಂಟಿಬಯೋಟಿಕ್ ಬರೆದು ಕಳಿಸುತ್ತಿದ್ದರು. ಊದಿದಾಗ ಫೋನಲ್ಲಿ ಒಂದು ಫೋಟೋ ತೆಗೆದುಕೊಳ್ಳುವ ಬುದ್ಧಿಯೂ ಬರಲಿಲ್ಲ. ಊಟದ ಮಾತನ್ನಂತೂ ಎತ್ತಲೇ ಇಲ್ಲ, "ಆಗಾಗ ಊದುತ್ತೆ ಸರ್" ಅಂದೆ. "ತಿನ್ನುವಾಗ ಊದುತ್ತೆ" ಅಂದಿದ್ದರೆ ಆ ಒಂದು ಮಾತಿಗೇ ನಾಲಿಗೆಯಡಿ ಬೆರಳಿಟ್ಟು ತಡವಿ ನೋಡುತ್ತಿದ್ದರೋ ಏನೋ.

ಕೊನೆಗೆ ಜ್ವರ ಬಂತು, ನಾಲಿಗೆಯಡಿ ಕೀವು. ಇಎನ್‌ಟಿಯವರು ಅಲ್ಟ್ರಾಸೌಂಡ್ ಮಾಡಿಸಿದಾಗ ಗೊತ್ತಾಯಿತು, ಜೊಲ್ಲಿನ ಗ್ರಂಥಿಯಲ್ಲಿ ಕಲ್ಲು. ಇಂಥ ಕಲ್ಲುಗಳಲ್ಲಿ ಶೇ. 80ರಷ್ಟು ದವಡೆಯಡಿಯ ಗ್ರಂಥಿಯಲ್ಲೇ ಆಗುವುದು. ಅಲ್ಲಿನ ಜೊಲ್ಲು ಮಂದ, ನಾಳವೂ ಉದ್ದ, ಮೇಲ್ಮುಖವಾಗಿ ಹರಿಯಬೇಕು. ಸೋಂಕು ಮತ್ತೆ ಮತ್ತೆ ಆಗಿ ನನ್ನ ಗ್ರಂಥಿಯನ್ನೇ ತೆಗೆದರು. ಪಕ್ಕದಲ್ಲೇ ಹಾದುಹೋಗುವ ನರ ನೊಂದಿದ್ದರಿಂದ ಕೆಳತುಟಿಯ ಮೂಲೆ ಕೆಲ ಕಾಲ ಸೊಟ್ಟಗಿತ್ತು.

ಹಾಗಾಗಿ ಯಾವ ಲೇಪ ಅನ್ನುವ ಪ್ರಶ್ನೆಯನ್ನೇ ಬಿಡಿ. ಕಲ್ಲೇ ಇದ್ದರೆ ಚರ್ಮಕ್ಕೆ ಹಚ್ಚಿದ್ದು ಅದನ್ನು ಮುಟ್ಟುವುದಿಲ್ಲ. ಆಪರೇಷನ್ ಚಿಂತೆಯೂ ಈಗಲೇ ಬೇಡ, ಮೊದಲು ಕಲ್ಲು ಇದೆಯೇ, ಎಲ್ಲಿದೆ, ಎಷ್ಟಿದೆ ಗೊತ್ತಾಗಲಿ. ಫೋಟೋ ಹಿಡಿದುಕೊಂಡು, ಹೊಟ್ಟೆತುಂಬ ತಿಂದೇ ಇಎನ್‌ಟಿ ಹತ್ತಿರ ಹೋಗಿ. ಸಣ್ಣ ಕಲ್ಲಾದರೆ ಚೆನ್ನಾಗಿ ನೀರು ಕುಡಿದು, ನಿಂಬೆ ಚೀಪಿ, ಹಿಂದಿನಿಂದ ಮುಂದಕ್ಕೆ ನೀವಿದರೆ ತಾನೇ ಹೊರಬೀಳಬಹುದು. ಹುಳಿ ತಿಂದರೆ ಕೀವಾಗುತ್ತೆ ಅನ್ನುವ ನಮ್ಮ ಮನೆಯವರ ಪಥ್ಯ ಇಲ್ಲಿ ಉಲ್ಟಾ. ಬೀಳದಿದ್ದರೆ ಬಾಯೊಳಗಿಂದಲೇ ನಾಳ ಸೀಳಿಯೋ, ನಾಳದೊಳಗೆ ಸಣ್ಣ ಕ್ಯಾಮೆರಾ ತೂರಿಸುವ ಸಯಾಲೆಂಡೊಸ್ಕೊಪಿಯಿಂದಲೋ ತೆಗೆಯುತ್ತಾರೆ. ಜ್ವರ, ಕೀವು ಇದ್ದರೆ ಮಾತ್ರ ಅಂದೇ ಹೋಗಿ. ಊಟಕ್ಕೂ ಅದಕ್ಕೂ ಸಂಬಂಧವೇ ಇಲ್ಲದೆ ನೋವಿಲ್ಲದ ಗಂಟು ಕೂತುಬಿಟ್ಟಿದ್ದರೆ ಅದು ಬೇರೆ, ಗಡ್ಡೆಯೇ ಎಂದು ಸೂಜಿ ಹಾಕಿ ಪರೀಕ್ಷಿಸಬೇಕಾದೀತು.

ಬಾಯಿ ಒಣಗುವ ಭಯ ಬೇಡ. ದೊಡ್ಡ ಗ್ರಂಥಿಗಳೇ 3 ಜೊತೆ ಇವೆ, ಸಣ್ಣವು ನೂರಾರು. ಒಂದು ಹೋದರೂ ನನ್ನ ಬಾಯಿ ಒಣಗಿಲ್ಲ.