ಕೃತಕ ಕಾಲಿನ ಮಂಡಿಗೆ ಒಂದೇ ಕೀಲು ಸಾಲದೆ? ಕೆಲವಕ್ಕೆ ನಾಲ್ಕು ಏಕೆ?

ಒಂದೇ ಕೀಲಿದ್ದರೆ ಮಂಡಿ ತಿರುಗುವ ಕೇಂದ್ರ ಒಂದೇ ಕಡೆ ಉಳಿಯುತ್ತದೆ. ನಾಲ್ಕು ಕೀಲಿದ್ದರೆ ಮಡಚಿದಂತೆಲ್ಲ ಆ ಕೇಂದ್ರ ಜಾಗ ಬದಲಿಸುತ್ತದೆ. ನಿಂತಾಗ ಭದ್ರತೆ, ಹೆಜ್ಜೆ ಎತ್ತುವಾಗ ಸಲೀಸು, ಎರಡೂ ಸಿಗುವುದು ಇದರಿಂದಲೇ.

ಪಕ್ಕದಿಂದ ನೋಡಿ. ತೊಡೆಯ ಭಾಗವನ್ನೂ ಕೆಳಗಾಲನ್ನೂ ಮುಂದೊಂದು, ಹಿಂದೊಂದು ಪಟ್ಟಿ ಜೋಡಿಸಿರುತ್ತವೆ. ಪ್ರತಿ ಪಟ್ಟಿಯ ಎರಡೂ ತುದಿಗೆ ಒಂದೊಂದು ಕೀಲು, ಒಟ್ಟು ನಾಲ್ಕು. ಎರಡು ಪಟ್ಟಿಗಳ ನೇರಕ್ಕೆ ಮೇಲಕ್ಕೆ ಗೆರೆ ಎಳೆದರೆ, ಗೆರೆಗಳು ಸೇರುವ ಬಿಂದುವೇ ಆ ಕ್ಷಣದ ತಿರುಗುಕೇಂದ್ರ. ಅಲ್ಲಿ ಬೋಲ್ಟೂ ಇರುವುದಿಲ್ಲ, ಏನೂ ಇರುವುದಿಲ್ಲ! ಕಾಲು ನೆಟ್ಟಗಿದ್ದಾಗ ಈ ಬಿಂದು ಮಂಡಿಗಿಂತ ಮೇಲೆ, ತುಸು ಹಿಂದೆ ಇರುತ್ತದೆ. ಭಾರದ ಗೆರೆ, ಅಂದರೆ ಮೈಭಾರ ನೆಲಕ್ಕೆ ಇಳಿಯುವ ನೇರ, ಅದರ ಮುಂದೆ ಹಾಯುವುದರಿಂದ ಭಾರ ಬಿದ್ದಷ್ಟೂ ಮಂಡಿ ನೆಟ್ಟಗೇ ಒತ್ತಿಕೊಳ್ಳುತ್ತದೆ. ಮಡಚತೊಡಗಿದರೆ ಬಿಂದು ಮುಂದಕ್ಕೆ, ಕೆಳಕ್ಕೆ ಜಾರುತ್ತದೆ. ಕಾಲಿನ ಉದ್ದವೂ ಒಂಚೂರು ಕುಗ್ಗುತ್ತದೆ. ಇದು ಸಣ್ಣ ಲಾಭವಲ್ಲ. ಮಾಮೂಲಿ ನಡಿಗೆಯಲ್ಲಿ ಮಂಡಿ ಸುಮಾರು 60 ಡಿಗ್ರಿವರೆಗೆ ಮಡಚಿದರೂ, ಕಾಲು ಬೀಸುವಾಗ ಹೆಬ್ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರ್ ಅಂತರದಲ್ಲೇ ಹಾದುಹೋಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಜೋಡಣೆಯಲ್ಲಿ. ಮಂಡಿಯನ್ನು ಭಾರದ ಗೆರೆಗಿಂತ ತೀರಾ ಮುಂದೆ ಕೂರಿಸಿದರೆ ಹಿಮ್ಮಡಿ ಊರುತ್ತಲೇ ಮಂಡಿ ಕುಸಿಯುತ್ತದೆ. ತೀರಾ ಹಿಂದೆ ಹೋದರೆ ಮಡಚುವುದೇ ಕಷ್ಟ. ಸೊಂಟ ಎತ್ತಿ ಎತ್ತಿ ನಡೆಯಬೇಕಾಗುತ್ತದೆ. ಕೀಲುಗಳು ಹೆಚ್ಚಾದಷ್ಟೂ ಸವೆಯುವ ಜಾಗಗಳೂ ಹೆಚ್ಚು. ಹೆಜ್ಜೆಗೊಮ್ಮೆ ಕಟಕ್ ಎಂದರೆ ಮೊದಲು ಕೀಲಿನ ಬುಷ್‌ (ಕೀಲಿನ ಕಡ್ಡಿ ತಿರುಗುವ ಒಳಬಳೆ) ಸವೆದಿದೆಯೇ ನೋಡಿಸಿ.