ಕಬ್ಬಿಣಾಂಶದ ಡ್ರಿಪ್‌ಗಾಗಿ ಒಂದು ರಾತ್ರಿ ಅಡ್ಮಿಟ್ ಆಗಬೇಕೇ?

ಪ್ರಶ್ನೆ: ನನ್ನ ಅತ್ತಿಗೆಗೆ 44 ವರ್ಷ. ಗರ್ಭಕೋಶದ ಗಡ್ಡೆಯಿಂದ ವಿಪರೀತ ರಕ್ತಸ್ರಾವವಾಗಿ ಹಿಮೋಗ್ಲೋಬಿನ್ 7.4ಕ್ಕೆ ಇಳಿದಿದೆ. ಮಾತ್ರೆ ನುಂಗಿದರೆ ವಾಂತಿ. ಗರ್ಭಕೋಶ ತೆಗೆಯುವ ಮೊದಲು ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ ಕೊಡಬೇಕೆಂದು ಡಾಕ್ಟರು ಹೇಳಿದ್ದಾರೆ. ಟಿಪಿಎಯವರು (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ‘ಇದು ಹೊರರೋಗಿ ಚಿಕಿತ್ಸೆ’ ಎಂದು ಕ್ಯಾಶ್‌ಲೆಸ್ ಅನುಮತಿ, ಅಂದರೆ ಆಸ್ಪತ್ರೆಗೆ ವಿಮೆಯಿಂದಲೇ ನೇರವಾಗಿ ಹಣ ಕಟ್ಟುವ ಒಪ್ಪಿಗೆ, ನಿರಾಕರಿಸಿದರು. ಒಂದು ರಾತ್ರಿ ಅಡ್ಮಿಟ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಕಿವಿಮಾತು ಹೇಳಿದರು. ಮಾಡಿಸಲೇ?
—ಹೆಸರು ಬೇಡ, ಚಿಂಚವಡ, ಪುಣೆ

ಉತ್ತರ: ಖಂಡಿತ ಬೇಡ, ತಂಗೀ. ಕ್ಲೇಮ್ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಇಂಥ ಕೇಸ್ ಪೇಪರನ್ನು ತೆರೆದ ಕೂಡಲೇ ಗುರುತಿಸುತ್ತಿದ್ದೆ. ಹನ್ನೊಂದಕ್ಕೆ ಡ್ರಿಪ್ ಶುರು, ಹನ್ನೊಂದೂ ಕಾಲಿಗೆ ಮುಗಿಯಿತು. ಆಮೇಲೆ ಮರುದಿನ ಬೆಳಗಿನವರೆಗೆ ನರ್ಸ್ ಬರೆದ ನಾಡಿ, ಬಿಪಿ ಬಿಟ್ಟರೆ ಹಾಳೆ ಖಾಲಿ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣಾಂಶದ ಔಷಧ 1000 ಮಿಲಿಗ್ರಾಂ ಹೋಗಲು ಹದಿನೈದು ನಿಮಿಷ ಸಾಕು, ಅಲರ್ಜಿ ಆಗುತ್ತದೆಯೇ ಎಂದು ನೋಡಲು ಇನ್ನರ್ಧ ಗಂಟೆ. ಉಳಿದ ಹೊತ್ತು ಹಾಸಿಗೆ ಏಕೆ ಬೇಕಿತ್ತು ಎಂಬ ಪ್ರಶ್ನೆಗೆ ಯಾವ ಡಾಕ್ಟರೂ ಉತ್ತರ ಬರೆದುಕೊಡುವುದಿಲ್ಲ. ಡೇ ಕೇರ್ (ರಾತ್ರಿ ತಂಗದಿದ್ದರೂ ವಿಮೆ ಸಿಗುವ ಚಿಕಿತ್ಸೆ) ಎನ್ನೋಣವೆಂದರೆ, ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಟಿಪಿಎಯವರನ್ನು ಬೈಯಲು ನನಗೂ ಇಷ್ಟವೇ, ಆದರೆ ಈ ಸಲ ನಿಯಮ ಅವರ ಕಡೆಗಿದೆ.

ನಿಮಗಿರುವ ದಾರಿ ಬೇರೆ. ಡ್ರಿಪ್ ಖರ್ಚನ್ನು ಶಸ್ತ್ರಚಿಕಿತ್ಸೆಯ ಬೆನ್ನಿಗೆ ಕಟ್ಟಿ. ಅದೇ ಕಾಯಿಲೆಗೆ ಅಡ್ಮಿಟ್ ಆಗುವ ಮುಂಚಿನ ಖರ್ಚನ್ನು ಹೆಚ್ಚಿನ ಪಾಲಿಸಿಗಳು 30 ದಿನ, ಕೆಲವು 60 ದಿನ ಹಿಂದಿನವರೆಗೂ ಕೊಡುತ್ತವೆ; ಮುಖ್ಯ ಕ್ಲೇಮ್ ಒಪ್ಪಿಗೆಯಾಗಿರಬೇಕು, ಅಷ್ಟೆ. ಇಲ್ಲೊಂದು ಇಕ್ಕಟ್ಟಿದೆ. ಡ್ರಿಪ್ ಕೊಟ್ಟ ಮರುದಿನವೇ ಹಿಮೋಗ್ಲೋಬಿನ್ ಏರುವುದಿಲ್ಲ, ಮೂರ್ನಾಲ್ಕು ವಾರ ಬೇಕು. ನಿಮ್ಮದು 30 ದಿನದ ಪಾಲಿಸಿಯಾಗಿದ್ದರೆ ಆಪರೇಷನ್ ನಾಲ್ಕು ದಿನ ಮುಂದೆ ಹೋದರೂ ಡ್ರಿಪ್ ಬಿಲ್ಲು ಗಡಿಯಾಚೆ ಬೀಳಬಹುದು. ಎರಡೂ ದಿನಾಂಕಗಳನ್ನು ಡಾಕ್ಟರ ಜೊತೆ ಕೂತು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಹಾಗೆಂದು ಬಿಲ್ಲಿಗೋಸ್ಕರ ರಕ್ತ ಏರುವ ಮೊದಲೇ ಆಪರೇಷನ್ ಮಾಡಿಸಬೇಡಿ.

ಚೀಟಿಯಲ್ಲಿ ‘ಅಶಕ್ತತೆ’ ಎಂದಷ್ಟೇ ಬರೆದಿದ್ದರೆ ಕೆಲಸ ಕೆಟ್ಟಿತು. ಗಡ್ಡೆಯ ರಕ್ತಸ್ರಾವದಿಂದಾದ ರಕ್ತಹೀನತೆ, ಮಾತ್ರೆ ದೇಹಕ್ಕೆ ಒಗ್ಗಲಿಲ್ಲ, ಶಸ್ತ್ರಚಿಕಿತ್ಸೆಗೆ ಮುನ್ನ ಅಗತ್ಯ ಎಂದು ಸ್ಪಷ್ಟವಾಗಿ ಬರೆಸಿ. ಫೆರಿಟಿನ್ (ದೇಹದಲ್ಲಿನ ಕಬ್ಬಿಣಾಂಶದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ವರದಿ, ಔಷಧದ ಬ್ಯಾಚ್ ಸಂಖ್ಯೆಯಿರುವ ಬಿಲ್ಲು ಜೋಪಾನ. ಈಗ ಕೈಯಿಂದ ಕಟ್ಟಿ. ಕ್ಯಾಶ್‌ಲೆಸ್ ನಿರಾಕರಿಸಿದ ಮಾತ್ರಕ್ಕೆ ಕ್ಲೇಮ್ ಸತ್ತಂತಲ್ಲ.

ಗರ್ಭಕೋಶದ ಗಡ್ಡೆಗೆ ಹಲವು ಪಾಲಿಸಿಗಳಲ್ಲಿ 24 ತಿಂಗಳ ಕಾಯುವ ಅವಧಿ, ಅಂದರೆ ಪಾಲಿಸಿ ಶುರುವಾದ ಮೇಲೆ ಆ ಕಾಯಿಲೆಗೆ ಕ್ಲೇಮ್ ಸಿಗದ ಕಾಲ, ಇರುತ್ತದೆ. ಅದು ಮುಗಿದಿದೆಯೇ ಎಂದು ಇವತ್ತೇ ನೋಡಿ, ಇಲ್ಲವಾದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಶಸ್ತ್ರಚಿಕಿತ್ಸೆಯ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಕೌಂಟರಿನಲ್ಲಿ ಕಾಯಿಸಿದರೆ ಇದನ್ನು ನೆನಪಿಸಿ.

ಕೊನೆಗೂ ಹಣ ಕೊಡದಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು. 30 ದಿನ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಪುಣೆಯಲ್ಲೇ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ) ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.